ಎರಡು ವರ್ಷ ದುಡಿದ ಚೀಲ: ನಿಕಾನ್ ಡಿ500 ಮತ್ತು ಮೂರು ಲೆನ್ಸ್‌ಗಳು

ಮಾವನ ಸ್ಟುಡಿಯೋದಲ್ಲಿ ಏಳು ವರ್ಷ ಮದುವೆ, ಉಪನಯನ, ಗೃಹಪ್ರವೇಶಗಳ ಫೋಟೊ ತೆಗೆದವನು ನಾನು. ಊರು ಮೂಡುಬಿದಿರೆಯ ಹತ್ತಿರ. 2023ರ ಮೇ ತಿಂಗಳಲ್ಲಿ ಕಂಬಳಕ್ಕೆ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ದಿನ ನಮ್ಮ ಸ್ಟುಡಿಯೋದ ಟಿ.ವಿ. ಮುಂದೆ ಹತ್ತು ಜನ ನಿಂತಿದ್ದರು. ಆಟದ ಫೋಟೊವನ್ನೇ ಕಸುಬಾಗಿ ಹಿಡಿಯಬೇಕು ಎಂದು ಮೊದಲಿನಿಂದ ಇದ್ದ ಆಸೆ ಅಂದು ಗಟ್ಟಿಯಾಯಿತು. ನಮ್ಮ ಕಡೆ ಆಟಕ್ಕೆ ಬರವಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಕಂಬಳ, ಡಿಸೆಂಬರಿನಲ್ಲಿ ಶಾಲೆಗಳ ಕ್ರೀಡಾಕೂಟ, ಚಳಿ ಕಳೆಯುತ್ತಿದ್ದಂತೆ ಶನಿವಾರ ರಾತ್ರಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಮತ್ತು ವಾಲಿಬಾಲ್, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೆಸರುಗದ್ದೆ ಆಟ.

ಕೈಯಲ್ಲಿದ್ದದ್ದು 1,20,000 ರೂಪಾಯಿ ಉಳಿತಾಯ. ಸಹಕಾರ ಸಂಘದಿಂದ ಇನ್ನೊಂದು ಲಕ್ಷ ಸಾಲ ತೆಗೆದೆ. ಒಟ್ಟು ಎರಡು ಲಕ್ಷದ ಇಪ್ಪತ್ತು ಸಾವಿರದಲ್ಲಿ ಕ್ಯಾಮೆರಾ, ಲೆನ್ಸ್, ಕಾರ್ಡು, ಎಲ್ಲವೂ ಆಗಬೇಕಿತ್ತು. ಹೊಸದನ್ನೇ ಕೊಳ್ಳುತ್ತೇನೆಂದರೆ ಆ ಹಣದಲ್ಲಿ ಒಂದು ಒಳ್ಳೆಯ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಬಂದು ಲೆನ್ಸ್‌ಗೆ ಕಾಸು ಉಳಿಯುತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಬಳಸಿದ್ದನ್ನೇ ಕೊಂಡೆ. ನಿಕಾನ್ ಡಿ500 ಬಾಡಿಗೆ 58,000, 70-200 ಎಫ್ 2.8 ವಿಆರ್ 2 ಲೆನ್ಸ್‌ಗೆ 56,000, 200-500 ಎಫ್ 5.6ಕ್ಕೆ 68,000, 85 ಎಫ್ 1.8ಕ್ಕೆ 17,000. (ಮೊದಲ ಸಂಖ್ಯೆ ಮಿ.ಮೀ. ಲೆಕ್ಕ, ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಬರುತ್ತದೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಹೆಚ್ಚು.) ಉಳಿದದ್ದು ಕಾರ್ಡು, ಕಾರ್ಡ್ ರೀಡರ್, ಮೋನೊಪಾಡ್ (ಒಂಟಿ ಕಾಲಿನ ಆಸರೆ) ಮತ್ತು ತೇವ ತಡೆಯುವ ಡಬ್ಬಿಗೆ ಹೋಯಿತು. ಎರಡು ಋತು ದುಡಿಸಿದ ಮೇಲೆ ಇವುಗಳಲ್ಲಿ ಯಾವುದು ಅನ್ನ ಕೊಟ್ಟಿತು, ಯಾವುದನ್ನು ಅವಸರಪಟ್ಟು ಕೊಂಡೆ ಎಂಬುದು ಈಗ ನನಗೆ ಸ್ಪಷ್ಟವಾಗಿ ಕಾಣುತ್ತಿದೆ. ಈ ದಾರಿಗೆ ಇಳಿಯಲು ಹೊರಟವರು ನನ್ನ ಬಳಿ ಮೊದಲು ಕೇಳುವುದು ಬಾಡಿಯ ಬಗ್ಗೆ. ನಾನು ಅವರಿಗೆ ಮೊದಲು ಹೇಳುವುದು ದೀಪದ ಬಗ್ಗೆ.

ಏಕೆಂದರೆ ನನಗೆ ಪಾಠ ಕಲಿಸಿದ್ದು ದೀಪವೇ. ಇವನ್ನೆಲ್ಲ ಕೊಳ್ಳುವ ಮೊದಲು ಬೆಳ್ತಂಗಡಿ ಕಡೆಯ ಒಂದು ಶಾಲಾ ಮೈದಾನದಲ್ಲಿ ನಡೆದ ಕಬಡ್ಡಿಗೆ ಮಾವನ ಮದುವೆ ಕ್ಯಾಮೆರಾವನ್ನೇ ಹೊತ್ತುಕೊಂಡು ಹೋಗಿದ್ದೆ. ಲೆನ್ಸ್ 24-120, ಎಫ್ 4. ದಾಳಿಗಾರನ ಕೈ ಮಸುಕಾಗದೆ ನಿಲ್ಲಬೇಕೆಂದರೆ ಶಟರ್ ಕನಿಷ್ಠ ಸೆಕೆಂಡಿನ 1/800 ಬೇಕು. ಅಷ್ಟಕ್ಕೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 12800 ಮುಟ್ಟಿತು. ಮುಖಗಳೆಲ್ಲ ಮರಳು ಎರಚಿದ ಹಾಗೆ ಬಂದವು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು, ಬಣ್ಣವನ್ನು ಸಹಿಸಲಾಗಲಿಲ್ಲ. ಒಂದೇ ದಾಳಿಯ ಎಂಟು ಚಿತ್ರಗಳನ್ನು ಸಾಲಾಗಿ ನೋಡಿದರೆ ಮೊದಲನೆಯದು ಸರಿಯಾಗಿದೆ, ಎರಡನೆಯದು ಹಳದಿ, ಮೂರನೆಯದು ಅರ್ಧ ಕತ್ತಲು, ನಾಲ್ಕನೆಯದರ ಮೇಲ್ಭಾಗ ಹಸಿರು ಛಾಯೆ, ಕೆಳಭಾಗ ಕಂದು. ಕ್ಯಾಮೆರಾ ಕೆಟ್ಟಿತೆಂದೇ ಭಾವಿಸಿದೆ. ಆಯೋಜಕರು ಬೆಳಗಿನ ಜಾವ ಚಿತ್ರಗಳನ್ನು ನೋಡಿ, "ಅಣ್ಣಾ, ಫ್ಲೆಕ್ಸ್‌ಗೆ ಹಾಕಲು ಮುಖ ಸರಿಯಾಗಿ ಕಾಣುವ ಒಂದಾದರೂ ಕೊಡಿ" ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಕ್ಯಾಮೆರಾ ಕೆಟ್ಟಿರಲಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಮೈದಾನಕ್ಕೆ ಕಟ್ಟುವ ದೊಡ್ಡ ದೀಪಗಳಲ್ಲಿ ಹೆಚ್ಚಿನವು ಸೆಕೆಂಡಿಗೆ ನೂರು ಬಾರಿ ಏರಿ ಇಳಿಯುತ್ತವೆ. ಜನರೇಟರಿನಿಂದ ಉರಿಸಿದರೂ ಅಷ್ಟೇ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಆದರೆ 1/800ರ ಶಟರ್ ಆ ಏರಿಳಿತದ ಒಂದು ಸಣ್ಣ ತುಂಡನ್ನು ಮಾತ್ರ ಹಿಡಿಯುತ್ತದೆ. ಏರಿದಾಗ ಸಿಕ್ಕಿದರೆ ಬೆಳಕು, ಇಳಿದಾಗ ಸಿಕ್ಕಿದರೆ ಕತ್ತಲು. ಡಿ500ರಲ್ಲಿ ಇದಕ್ಕೆ ಪರಿಹಾರವಿದೆ. ಮೆನುವಿನಲ್ಲಿ ಫ್ಲಿಕರ್ ರಿಡಕ್ಷನ್ ಎಂಬುದನ್ನು ಆನ್ ಮಾಡಿದರೆ ಕ್ಯಾಮೆರಾ ದೀಪದ ಏರಿಳಿತವನ್ನು ಗುರುತಿಸಿ, ಬೆಳಕು ತುದಿಯಲ್ಲಿರುವ ಹೊತ್ತಿಗೇ ಶಟರ್ ತೆರೆಯುತ್ತದೆ. ಬರ್ಸ್ಟ್, ಅಂದರೆ ಒಂದರ ಹಿಂದೊಂದು ಚಿತ್ರ ತೆಗೆಯುವ ವೇಗ, ಒಂದಿಷ್ಟು ನಿಧಾನವಾಗುತ್ತದೆ, ಅದು ನಷ್ಟವೇನಲ್ಲ. ಡಿ500 ಕೊಂಡ ಮರುವಾರ ಅದೇ ಬಗೆಯ ದೀಪದ ಕೆಳಗೆ ಹನ್ನೆರಡು ಚಿತ್ರ ತೆಗೆದೆ. ಹನ್ನೆರಡೂ ಒಂದೇ ಬಣ್ಣ. ರಾತ್ರಿ ಎರಡು ಗಂಟೆಗೆ ಮೈದಾನದ ಬದಿಯಲ್ಲಿ ಕೂತು ಆ ಹನ್ನೆರಡು ಚಿತ್ರಗಳನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡಿದ್ದು ನೆನಪಿದೆ. ರಾತ್ರಿ ಆಟ ತೆಗೆಯುವವರು ಯಾವ ಕಂಪನಿಯ ಬಾಡಿಯನ್ನಾದರೂ ಕೊಳ್ಳಲಿ, ಈ ಸೌಲಭ್ಯವಿದೆಯೇ ಎಂದು ನೋಡದೆ ಹಣ ಕೊಡಬಾರದು. ಹಳೆಯ ಕ್ಯಾನನ್ 7ಡಿ ಮಾರ್ಕ್ 2ರಲ್ಲೂ ಇದು ಇದೆ. ಆದರೆ ಬಹಳ ವೇಗವಾಗಿ ಮಿಣುಕುವ ಕೆಲವು ಎಲ್ಇಡಿ ಫಲಕಗಳ ಮುಂದೆ ಈ ಉಪಾಯ ನಡೆಯುವುದಿಲ್ಲ. ಅಂಥಲ್ಲಿ ಶಟರನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ಪಟ್ಟೆ ಕಡಿಮೆ ಕಾಣುವ ಜಾಗ ಹುಡುಕುತ್ತೇನೆ.

ಡಿ500 ಬಂದದ್ದು 2016ರಲ್ಲಿ. ಈಗ ಅದರ ತಯಾರಿಕೆ ನಿಂತಿದೆ. 20.9 ಮೆಗಾಪಿಕ್ಸೆಲ್, ಸೆಕೆಂಡಿಗೆ 10 ಚಿತ್ರ, 153 ಫೋಕಸ್ ಬಿಂದು. ಈ ಸಂಖ್ಯೆಗಳಲ್ಲಿ ನನಗೆ ದುಡಿದು ಕೊಟ್ಟದ್ದು ಕೊನೆಯದು. ಬಿಂದುಗಳು ಚೌಕಟ್ಟಿನ ಎಡ ಬಲ ಅಂಚಿನವರೆಗೂ ಹರಡಿವೆ. ಕಬಡ್ಡಿಯಲ್ಲಿ ದಾಳಿಗಾರ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಜಾರುತ್ತಾನೆ. ಅವನನ್ನು ನಡುವೆ ಇಟ್ಟುಕೊಂಡರೆ ಹಿಡಿಯಲು ಬರುವವನು ಚಿತ್ರದಿಂದ ಹೊರಗೆ ಉಳಿಯುತ್ತಾನೆ. ದಾಳಿಗಾರನನ್ನು ಅಂಚಿಗೆ ತಳ್ಳಿ, ಅಂಚಿನಲ್ಲೇ ಫೋಕಸ್ ಹಿಡಿದು, ಉಳಿದ ಜಾಗವನ್ನು ಎದುರಾಳಿಗೆ ಬಿಡಲು ಈ ಕ್ಯಾಮೆರಾದಲ್ಲಿ ಸಾಧ್ಯವಾಗುತ್ತದೆ. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಇದರ ಕೆಲವು ಗುಂಡಿಗಳಿಗೆ ಒಳಗಿನಿಂದ ಬೆಳಕಿದೆ. ಕಂಬಳದ ಕರೆಯ (ಕೋಣಗಳು ಓಡುವ ಕೆಸರಿನ ಹಾದಿ) ಬದಿಯಲ್ಲಿ ಕತ್ತಲಲ್ಲಿ ನಿಂತು ಗುಂಡಿ ಹುಡುಕಿದವರಿಗೆ ಅದರ ಬೆಲೆ ಗೊತ್ತು.

ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ನಿಕಾನ್ ಡಿಎಕ್ಸ್ ಎಂದು ಕರೆಯುವ ಅಳತೆಯದು. 6400ರ ಆಚೆ ಹೋದರೆ ಒರಟುತನ ಕಾಣುತ್ತದೆ. ಅದನ್ನು ಮುಚ್ಚಿಟ್ಟು ಹೊಗಳಲಾರೆ. ಆದರೆ ಅದೇ ಚಿಕ್ಕ ಸೆನ್ಸರ್‌ನಿಂದಾಗಿ 500 ಮಿ.ಮೀ. ಲೆನ್ಸ್ 750ರಷ್ಟು ದೂರವನ್ನು ಹತ್ತಿರ ತರುತ್ತದೆ. ನಮ್ಮಂಥವರಿಗೆ ಆ ಉದ್ದವನ್ನು ಬೇರೆ ದಾರಿಯಲ್ಲಿ ಕೊಳ್ಳುವ ಶಕ್ತಿ ಇಲ್ಲ.

ಈಗ ಲೆನ್ಸ್‌ಗೆ ಬರುತ್ತೇನೆ. ಇಡೀ ಚೀಲದಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮಾರಬೇಕೆಂದರೆ ನಾನು ಉಳಿಸಿಕೊಳ್ಳುವುದು 70-200 ಎಫ್ 2.8 ಲೆನ್ಸನ್ನೇ. ಬಾಡಿಯನ್ನೂ ಮಾರಿಬಿಡುತ್ತೇನೆ, ಇದನ್ನು ಮಾರುವುದಿಲ್ಲ. ಲೆಕ್ಕ ಸರಳ. ಹೊನಲು ಬೆಳಕಿನಲ್ಲಿ ಎಫ್ 2.8, 1/800, ಐಎಸ್‌ಒ 6400 ಎಂದಿಟ್ಟುಕೊಳ್ಳಿ. ಅದೇ ಜಾಗದಲ್ಲಿ ಎಫ್ 5.6ರ ಅಗ್ಗದ ಜೂಮ್ ಹಾಕಿದರೆ 25600 ಬೇಕು. ನಾಲ್ಕು ಪಟ್ಟು. ಎಷ್ಟೇ ದುಬಾರಿ ಬಾಡಿ ಕೊಂಡರೂ ಆ ನಾಲ್ಕು ಪಟ್ಟನ್ನು ತುಂಬಿಕೊಡುವುದು ಕಷ್ಟ. ಸ್ಟುಡಿಯೋ ಬಿಟ್ಟು ಆಟಕ್ಕೆ ಬರುವ ಹುಡುಗರು ಮಾಡುವ ತಪ್ಪು ಇದೇ: ಒಂದೂವರೆ ಲಕ್ಷದ ಬಾಡಿ, ಅದಕ್ಕೆ ಡಬ್ಬಿಯಲ್ಲಿ ಜೊತೆಗೆ ಬಂದ ಲೆನ್ಸ್.

ಕಬಡ್ಡಿಯ ಅಂಕಣ ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಹಿಡಿಯುವವರ ಹಿಂದಿನ ಅಂತಿಮ ಗೆರೆಯ ಆಚೆ, ಒಂದು ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ. ಅಲ್ಲಿಂದ ದಾಳಿಗಾರನ ಮುಖ ನೇರ ಕಾಣುತ್ತದೆ. ಬೋನಸ್ ಗೆರೆಯ ಆಚೆ ಒಂದು ಕಾಲು ಊರಿ ಇನ್ನೊಂದು ಕಾಲನ್ನು ಗಾಳಿಯಲ್ಲಿ ಎತ್ತಿದಾಗ ಅವನ ಹೆಬ್ಬೆರಳು ಮ್ಯಾಟಿನ ಮೇಲೆ ಬಾಗಿ ಬಿಳುಪೇರಿರುತ್ತದೆ. ಕುತ್ತಿಗೆಯ ನರ ಉಬ್ಬಿರುತ್ತದೆ, ತುಟಿ ಕಬಡ್ಡಿ ಕಬಡ್ಡಿ ಎನ್ನುತ್ತಿರುತ್ತದೆ. ಎಡ ಮೂಲೆಯವನ ಕಣ್ಣು ಆ ಪಾದದ ಮೇಲೆ ನೆಟ್ಟಿರುತ್ತದೆ. ಆ ಕಣ್ಣು, ಆ ಪಾದ ಎರಡೂ ಒಂದೇ ಚಿತ್ರದಲ್ಲಿ ಸಿಕ್ಕಿದರೆ ಅದೇ ಆ ರಾತ್ರಿಯ ಚಿತ್ರ. ದಾಳಿಗೆ 30 ಸೆಕೆಂಡು. ಅದರಲ್ಲಿ ಚಿತ್ರವಾಗಬಲ್ಲ ಗಳಿಗೆ ಒಂದೋ ಎರಡೋ. ಈ ಲೆನ್ಸ್‌ನ ಫೋಕಸ್ ಆ ಗಳಿಗೆಗೆ ತಡ ಮಾಡಿದ್ದು ಕಡಿಮೆ.

ಒಂದು ಕೊರತೆ ಇದೆ. ಐದಾರು ಮಂದಿ ಸೇರಿ ಒಬ್ಬನ ಮೇಲೆ ಬಿದ್ದಾಗ, ಡಿಎಕ್ಸ್ ಬಾಡಿಯಲ್ಲಿ 70 ಮಿ.ಮೀ. ಕೂಡ ಬಿಗಿಯಾಗುತ್ತದೆ. ಏಳು ಮೀಟರ್ ದೂರದಲ್ಲಿ ಚೌಕಟ್ಟಿಗೆ ಸಿಗುವುದು ಸುಮಾರು 2.3 ಮೀಟರ್ ಅಗಲ ಮಾತ್ರ. ಹಾಗಾಗಿ ಎರಡನೇ ಅರ್ಧಕ್ಕೆ ನಾಲ್ಕೈದು ಹೆಜ್ಜೆ ಹಿಂದೆ ಸರಿದು ಕೂರುತ್ತೇನೆ. ಜನ ತುಂಬಿದ ಮೈದಾನದಲ್ಲಿ ಹಿಂದೆ ಸರಿಯಲು ಜಾಗ ಬೇಕಲ್ಲ, ಅದಕ್ಕಾಗಿ ಆಟ ಶುರುವಾಗುವ ಒಂದು ಗಂಟೆ ಮೊದಲೇ ಹೋಗಿ ಸ್ವಯಂಸೇವಕರನ್ನು ಮಾತನಾಡಿಸಿ ಹಗ್ಗದ ಒಳಗೆ ಜಾಗ ಕೇಳಿಕೊಳ್ಳುತ್ತೇನೆ.

ಈ ಲೆನ್ಸ್ ಕೊಂಡ ಕಥೆಯಲ್ಲಿ ಒಂದು ಕಹಿ ಇದೆ. ನಗರದ ಒಂದು ಅಂಗಡಿಯಲ್ಲಿ ಸಂಜೆ ಹೊತ್ತು, ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಿಕೊಂಡೆ. ಗಾಜು ಹೊಳೆಯುತ್ತಿತ್ತು, ಜೂಮ್ ನಯವಾಗಿ ತಿರುಗುತ್ತಿತ್ತು, ಸಾಕು ಅನ್ನಿಸಿತು. ಮನೆಗೆ ತಂದ ಎರಡನೇ ವಾರ ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರಗಳೆಲ್ಲ ಮಂಜು ಕವಿದ ಹಾಗೆ ಬಂದವು. ಮೊಬೈಲಿನ ಟಾರ್ಚನ್ನು ಹಿಂಬದಿಯಿಂದ ಹಾಯಿಸಿ ನೋಡಿದಾಗ ಒಳಗಿನ ಒಂದು ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು. ಬೂಷ್ಟು. ಅಂಗಡಿಯವರು, ನಿಮ್ಮ ಕರಾವಳಿಯ ತೇವಕ್ಕೆ ಬಂದಿರಬೇಕು ಎಂದರು. ಎರಡು ವಾರದಲ್ಲಿ ಅಷ್ಟು ಹಬ್ಬುವುದಿಲ್ಲ ಎಂದು ನಾನು ವಾದಿಸಿದೆ, ಪ್ರಯೋಜನವಾಗಲಿಲ್ಲ. ಬಿಚ್ಚಿಸಿ ಶುಚಿ ಮಾಡಿಸಲು 9,000 ರೂಪಾಯಿ ಹೋಯಿತು. ಸಾಲದ ಹಣದಲ್ಲಿ ಕೊಂಡ ವಸ್ತುವಿಗೆ ಮತ್ತೆ ಕೈಸಾಲ ಮಾಡಿದ ಆ ತಿಂಗಳು ನನಗೆ ನಿದ್ದೆ ಸರಿ ಬರಲಿಲ್ಲ.

ಅಂದಿನಿಂದ ಬಳಸಿದ ಲೆನ್ಸನ್ನು ನಾನು ನೋಡುವ ಕ್ರಮವೇ ಬೇರೆ. ಹಗಲು ಹೊತ್ತಿನಲ್ಲೇ ಹೋಗುತ್ತೇನೆ. ಅಂಗಡಿಯೊಳಗಿನ ಕತ್ತಲು ಮೂಲೆ ಹುಡುಕಿ, ಟಾರ್ಚನ್ನು ಓರೆಯಾಗಿ ಹಿಡಿದು, ಎರಡೂ ಕಡೆಯಿಂದ ಇಣುಕುತ್ತೇನೆ. ನಿಕಾನಿನ ಹಳೆಯ ಜಿ ಸರಣಿಯ ಲೆನ್ಸ್‌ಗಳಲ್ಲಿ, ಕ್ಯಾಮೆರಾದಿಂದ ಬಿಚ್ಚಿದಾಗ, ಅಪರ್ಚರ್ ಎಲೆಗಳು ಮುಚ್ಚಿಕೊಂಡಿರುತ್ತವೆ. ಹಿಂಬದಿಯಲ್ಲಿ ಒಂದು ಸಣ್ಣ ಲೋಹದ ಮೊಳೆಯಂಥ ಕಡ್ಡಿ ಇರುತ್ತದೆ. ಅದನ್ನು ಉಗುರಿನಿಂದ ತಳ್ಳಿ ಹಿಡಿದರೆ ಎಲೆಗಳು ತೆರೆದುಕೊಂಡು ಒಳಗಿನ ಗಾಜುಗಳು ಪೂರ್ತಿ ಕಾಣುತ್ತವೆ. ಇದನ್ನು ಮಾಡದೆ ನೋಡಿದರೆ ಅರ್ಧ ಗಾಜು ಎಲೆಗಳ ಮರೆಯಲ್ಲೇ ಉಳಿಯುತ್ತದೆ. ನಾನು ಮೊದಲ ಬಾರಿ ನೋಡಿದ್ದು ಹಾಗೆಯೇ. ಆಮೇಲೆ ಅಂಗಡಿಯ ಹೊರಗೆ ರಸ್ತೆಯಲ್ಲಿ ನಿಂತು, ಎದುರಿನಿಂದ ಬರುವ ಬೈಕುಗಳ ನಂಬರ್ ಪ್ಲೇಟಿನ ಮೇಲೆ ನಿರಂತರ ಫೋಕಸ್ ಇಟ್ಟು ನಲವತ್ತು ಐವತ್ತು ಚಿತ್ರ ತೆಗೆಯುತ್ತೇನೆ. ಎಲ್ಲದರಲ್ಲೂ ನಂಬರಿನ ಬದಲು ಮುಂದಿನ ಚಕ್ರವೇ ಚೂಪಾಗಿ ಬಂದಿದ್ದರೆ ಫೋಕಸ್ ಮುಂದಕ್ಕೆ ಬೀಳುತ್ತಿದೆ ಎಂದರ್ಥ. ಡಿ500ರಲ್ಲಿ ಅದನ್ನು ತಿದ್ದುವ ಫೈನ್ ಟ್ಯೂನ್ ಇದೆ. ನನ್ನ 70-200ಕ್ಕೆ ಪ್ಲಸ್ 6 ಕೊಟ್ಟ ಮೇಲೆ ಸರಿಹೋಯಿತು. ಈ ಸೌಲಭ್ಯವಿಲ್ಲದ ಅಗ್ಗದ ಬಾಡಿಯಾಗಿದ್ದರೆ ಆ ಲೆನ್ಸನ್ನು ವಾಪಸು ಕೊಡಬೇಕಾಗುತ್ತಿತ್ತು.

ಬಾಡಿಯ ವಿಷಯದಲ್ಲಿ ಶಟರ್ ಎಣಿಕೆ, ಅಂದರೆ ಈವರೆಗೆ ಅದು ತೆಗೆದ ಚಿತ್ರಗಳ ಸಂಖ್ಯೆ, ಕೇಳಲೇಬೇಕು. ತೆಗೆದ ಒಂದು ಚಿತ್ರದ ಕಡತದಲ್ಲೇ ಅದು ದಾಖಲಾಗಿರುತ್ತದೆ, ಮಾರುವವರ ಬಾಯಿಮಾತಿನ ಅಗತ್ಯವಿಲ್ಲ. ಡಿ500ರ ಶಟರನ್ನು ಕಂಪನಿ ಪರೀಕ್ಷಿಸಿರುವುದು 2,00,000 ಚಿತ್ರಕ್ಕೆ. ನಾನು ಕೊಂಡಾಗ 38,000 ಇತ್ತು. ಬಿಲ್ಲು ಇಲ್ಲದೆ ಕೊಳ್ಳಬೇಡಿ. ಮುಂದೆ ಮಾರುವಾಗಲೂ, ಕಳುವಾದರೆ ದೂರು ಕೊಡುವಾಗಲೂ ಅದೇ ಆಧಾರ.

ಇನ್ನು ನನ್ನ ಮನಸ್ಸಿಗೆ ಹತ್ತಿರವಾದ 200-500. ಇದು 2.3 ಕಿಲೋ ತೂಗುತ್ತದೆ. ಬಾಡಿ ಸೇರಿದರೆ ಮೂರು ಕಿಲೋ ದಾಟುತ್ತದೆ. ಕೊಳ್ಳುವ ಮೊದಲು ಮಂಗಳೂರಿನಿಂದ ಎರಡು ದಿನ ಬಾಡಿಗೆಗೆ ತಂದು ನೋಡಿದ್ದೆ. ಅದೊಂದು ಬುದ್ಧಿವಂತಿಕೆ ಮಾಡಿದೆ ಎಂದು ಈಗಲೂ ಸಮಾಧಾನವಿದೆ, ಏಕೆಂದರೆ ಮೋನೊಪಾಡ್ ಇಲ್ಲದೆ ಇದನ್ನು ಇಡೀ ದಿನ ಹಿಡಿಯಲಾಗದು ಎಂದು ಆ ಎರಡು ದಿನದಲ್ಲೇ ಭುಜ ಹೇಳಿತು.

ಕಂಬಳದಲ್ಲಿ ಹಗಲು ಹೊತ್ತು ನಾನು ಓಟ ಮುಗಿಯುವ ತುದಿಯಾದ ಮಂಜೊಟ್ಟಿಯ ಕಡೆ, ಬೇಲಿಯ ಹೊರಗೆ ನಿಲ್ಲುತ್ತೇನೆ. ಕೋಣಗಳನ್ನು ಓಟ ಶುರುವಾಗುವ ಗಂತಿನಿಂದ ಬಿಟ್ಟ ಕೂಡಲೇ ಲೆನ್ಸಿನೊಳಗೆ ಮೊದಲು ಕಾಣುವುದು ನೀರಿನ ಬಿಳಿ ಗೋಡೆ, ಅದರ ನಡುವೆ ಎರಡು ಕಪ್ಪು ತಲೆ. ಹಿಂದೆ ಓಡಿಸುವವನ ಎತ್ತಿದ ಕೈ ಆಮೇಲೆ ಕಾಣುತ್ತದೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಆ ವೇಗವನ್ನು ಛಾಯಾಗ್ರಾಹಕನ ಲೆಕ್ಕಕ್ಕೆ ತಂದರೆ ಸೆಕೆಂಡಿಗೆ ಹತ್ತೂವರೆ ಮೀಟರ್. ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕೋಣಗಳು ಒಂದು ಮೀಟರಿನಷ್ಟು ನನ್ನ ಕಡೆಗೆ ಬಂದಿರುತ್ತವೆ. ಪ್ರತಿ ಮೀಟರಿಗೂ ಫೋಕಸ್ ಹೊಸದಾಗಿ ಕೂರಬೇಕು. ಅದರ ಮೇಲೆ ನೀರು.

ನೀರೇ ದೊಡ್ಡ ಪರೀಕ್ಷೆ. ಮೊದಲ ಕಂಬಳದಲ್ಲಿ ಕೋಣಗಳ ಮುಂದೆ ಚಿಮ್ಮಿದ ಹನಿಗಳ ಮೇಲೆ ಫೋಕಸ್ ಹಾರಿ, ಹನಿಗಳು ಮುತ್ತಿನ ಹಾಗೆ ಚೂಪಾಗಿ, ಕೋಣಗಳು ಮಸುಕಾಗಿ ಬಂದವು. ಡಿ500ರ ಮೆನುವಿನಲ್ಲಿ, ಫೋಕಸ್‌ಗೆ ಏನಾದರೂ ಅಡ್ಡ ಬಂದರೆ ಎಷ್ಟು ಬೇಗ ಅದರತ್ತ ತಿರುಗಬೇಕು ಎಂಬುದಕ್ಕೆ 1ರಿಂದ 5ರವರೆಗೆ ಆಯ್ಕೆ ಇದೆ. ಮೊದಲೇ ಇದ್ದ 3ನ್ನು 5ಕ್ಕೆ ಏರಿಸಿದೆ. ಈಗ ಹನಿ ಅಡ್ಡ ಬಂದರೂ ಕ್ಯಾಮೆರಾ ತಾಳ್ಮೆಯಿಂದ ಕೋಣದ ಹಣೆಯನ್ನೇ ಹಿಡಿದು ಕೂರುತ್ತದೆ. 25 ಬಿಂದುಗಳ ಗುಂಪು, ನಿರಂತರ ಫೋಕಸ್, ಫೋಕಸ್ ಗುಂಡಿ ಹೆಬ್ಬೆರಳಿಗೆ. ವೇಗವೇ ಮುಖ್ಯವಾದ ಹಗ್ಗ ಮತ್ತು ನೇಗಿಲು ವಿಭಾಗದ ಓಟಗಳಿಗೆ 1/2000ರಲ್ಲಿ ಇಷ್ಟು ಸಾಕು.

ಓಡಿಸುವವನು ಹಲಗೆಯ ಮೇಲೆ ನಿಲ್ಲುವ ಕನೆಹಲಗೆ ವಿಭಾಗ ಬೇರೆ. ಅಲ್ಲಿ ವೇಗಕ್ಕಿಂತ ನೀರು ಎಷ್ಟು ಎತ್ತರ ಚಿಮ್ಮಿತು ಎಂಬುದು ಮುಖ್ಯ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ತಾಗಬೇಕು. ಹಲಗೆಯ ಮೇಲೆ ನಿಂತವನು, ಕೆಳಗೆ ಕೋಣಗಳು, ಮೇಲೆ ನಿಶಾನೆ, ನಡುವೆ ಏರುತ್ತಿರುವ ನೀರಿನ ಕಂಬ, ಇವೆಲ್ಲ ಒಂದರಲ್ಲಿ ಬರಬೇಕಾದರೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, 200ರಿಂದ 300ರ ನಡುವೆ ಇಟ್ಟುಕೊಂಡು, ಸಂಜೆಯ ಬಿಸಿಲು ನೀರಿನ ಹಿಂದೆ ಬೀಳುವ ಕಡೆ ನಿಲ್ಲಬೇಕು. ಕಳೆದ ವರ್ಷ ಒಂದು ಚಿತ್ರದಲ್ಲಿ ನೀರಿನ ತುದಿಯ ಹನಿ ನಿಶಾನೆಯ ಬಟ್ಟೆಗೆ ತಾಗಿ ಒಡೆಯುತ್ತಿರುವುದು ಸಿಕ್ಕಿತು. ಬಟ್ಟೆಯ ಒದ್ದೆಯಾದ ಭಾಗ ಅಂಗೈಯಷ್ಟು ಮಾತ್ರ, ಉಳಿದದ್ದು ಇನ್ನೂ ಒಣಗಿಯೇ ಇದೆ. ಕೋಣಗಳ ಯಜಮಾನರು ಆ ಚಿತ್ರವನ್ನು ಆಳೆತ್ತರಕ್ಕೆ ಮುದ್ರಿಸಿ ಚಾವಡಿಯಲ್ಲಿ ಹಾಕಿಸಿದ್ದಾರೆ. ಅವರ ಮನೆಗೆ ಹೋದಾಗ ಅವರ ತಾಯಿ ನನಗೆ ಎಳನೀರು ಕೊಟ್ಟು, ಚಿತ್ರದ ಮುಂದೆ ನಿಲ್ಲಿಸಿ, ಬಲಗಡೆಯ ಕೋಣ ಕರುವಾಗಿದ್ದಾಗ ಹೇಗೆ ಸಾಕಿದ್ದು ಎಂದು ಅರ್ಧ ಗಂಟೆ ಹೇಳಿದರು.

ಯಜಮಾನರು ಏನು ಬಯಸುತ್ತಾರೆ ಎಂಬುದು ಸಲಕರಣೆಯ ಆಯ್ಕೆಗೂ ಸಂಬಂಧಿಸಿದ್ದು. ಪತ್ರಿಕೆಗೆ ಓಡಿಸುವವನ ಮುಖ ಸಾಕು. ಯಜಮಾನರಿಗೆ ಎರಡೂ ಕೋಣಗಳ ಮುಖ ಬೇಕು, ಮುಂಗಾಲುಗಳು ನೀರಿನಿಂದ ಮೇಲೆದ್ದಿರಬೇಕು, ಕಿವಿ ನಿಗುರಿರಬೇಕು, ಹಿಂದಿನವನೂ ಚೂಪಾಗಿರಬೇಕು. ಇಷ್ಟೂ ಕೂಡಿಬರುವ ಚಿತ್ರ ಇಪ್ಪತ್ತರಲ್ಲಿ ಒಂದು. ಅದಕ್ಕಾಗಿಯೇ ಬರ್ಸ್ಟ್ ಮತ್ತು ಬಫರ್ (ಕಾರ್ಡಿಗೆ ಬರೆಯುವ ಮೊದಲು ಚಿತ್ರಗಳನ್ನು ಹಿಡಿದಿಡುವ ಜಾಗ) ಬೇಕು. ಎಕ್ಸ್‌ಕ್ಯೂಡಿ ಕಾರ್ಡಿನಲ್ಲಿ ಡಿ500 ನಿಲ್ಲದೆ 200 ರಾ (ಸಂಸ್ಕರಿಸದ ಮೂಲ ಕಡತದ) ಚಿತ್ರ ಬರೆಯುತ್ತದೆ. ಒಂದು ಓಟ ಪೂರ್ತಿ ಬೆರಳು ಒತ್ತಿಯೇ ಇದ್ದರೂ ತುಂಬುವುದಿಲ್ಲ. ಎಕ್ಸ್‌ಕ್ಯೂಡಿ ಕಾರ್ಡು ಈಗ ಸಿಗುವುದು ಕಷ್ಟ. ಫರ್ಮ್‌ವೇರ್ ಹೊಸದು ಮಾಡಿಕೊಂಡರೆ ಅದೇ ಕಿಂಡಿಯಲ್ಲಿ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡೂ ನಡೆಯುತ್ತದೆ. ಪಕ್ಕದ ಎಸ್‌ಡಿ ಕಿಂಡಿಗೆ ಜೆಪೆಗ್ ಹೋಗುವಂತೆ ಇಟ್ಟಿದ್ದೇನೆ. ಓಟದ ನಡುವಿನ ಬಿಡುವಿನಲ್ಲಿ ಆ ಕಾರ್ಡನ್ನು ತೆಗೆದು, ಏಳುನೂರು ರೂಪಾಯಿಯ ರೀಡರಿನಿಂದ ಮೊಬೈಲಿಗೆ ಚುಚ್ಚಿ, ನಾಲ್ಕು ಚಿತ್ರ ಆರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತೇನೆ. ಗೆದ್ದ ಹತ್ತು ನಿಮಿಷದೊಳಗೆ ಚಿತ್ರ ಕೈಸೇರಿದವರು ಮರುದಿನ ಮುದ್ರಣಕ್ಕೆ ಹೇಳುತ್ತಾರೆ. ಎರಡು ದಿನ ತಡವಾದರೆ ಯಾರೂ ಕೇಳುವುದಿಲ್ಲ.

ಕೆಸರಿನ ಬಗ್ಗೆ ಒಂದು ಮಾತು. ಗಾಜಿಗೆ ಸಿಡಿದ ಕೆಸರನ್ನು ಅಂಗಿಯ ತುದಿಯಿಂದ ಒರೆಸಬೇಡಿ, ಅದರಲ್ಲಿ ಮರಳಿರುತ್ತದೆ. ಒಣಗಲು ಬಿಟ್ಟು, ರಬ್ಬರ್ ಊದುಗೊಳವೆಯಿಂದ ಹಾರಿಸಿ, ಆಮೇಲೆ ಒಂದು ಹನಿ ನೀರು ಹಚ್ಚಿದ ಮೆತ್ತನೆಯ ಬಟ್ಟೆ. ಆಟಿಯ ಕೆಸರುಗದ್ದೆ ಆಟಗಳಲ್ಲಿ ಮಳೆ ಇದ್ದೇ ಇರುತ್ತದೆ. ದಪ್ಪ ಪ್ಲಾಸ್ಟಿಕ್ಕನ್ನು ತೋಳಿನ ಹಾಗೆ ಹೊಲಿಸಿಕೊಂಡಿದ್ದೇನೆ, ಮುಂದೆ ಹುಡ್ಡಿಗೆ ಒಂದು ರಬ್ಬರ್ ಬ್ಯಾಂಡ್.

ಕತ್ತಲಾದ ಮೇಲೆ 200-500 ಚೀಲಕ್ಕೆ ಹೋಗುತ್ತದೆ. ಎಫ್ 5.6 ರಾತ್ರಿಗೆ ಆಗುವುದಿಲ್ಲ. ಆದರೆ ಬಿಸಿಲಿನಲ್ಲಿ ಇದಕ್ಕೆ ಈ ಬೆಲೆಯಲ್ಲಿ ಸಾಟಿ ನಾನು ಕಂಡಿಲ್ಲ. 2024ರ ಬೇಸಿಗೆಯಲ್ಲಿ ನಾಪೋಕ್ಲಿನಲ್ಲಿ ನಡೆದ ಕೊಡವ ಕೌಟುಂಬಿಕ ಹಾಕಿಗೆ ಎರಡು ದಿನ ಹೋಗಿದ್ದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುಮಾಡಿದ ಕೂಟ ಅದು. ಆ ವರ್ಷ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ 360 ತಂಡಗಳು. ಮೈದಾನದ ಆಚೆ ತುದಿಯಲ್ಲಿ ಗೋಲು ಬಿದ್ದರೂ ಈಚೆ ತುದಿಯಿಂದ ಚೆಂಡು, ಕೋಲು, ಗೋಲ್‌ಕೀಪರನ ಕಣ್ಣು ಎಲ್ಲ ಸಿಕ್ಕವು. 1/2000, ಎಫ್ 5.6, ಐಎಸ್‌ಒ 400. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗ ಆಡುವ ಆ ಕೂಟಕ್ಕೆ ಹಣದ ಆಸೆಯಿಲ್ಲದೆಯೂ ನಾನು ಮತ್ತೆ ಹೋಗುತ್ತೇನೆ.

85 ಎಫ್ 1.8 ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಾಂಗಣ ಬ್ಯಾಡ್ಮಿಂಟನ್‌ಗೆ, ಒಂದೇ ಸಾಲು ದೀಪವಿರುವ ಹಳ್ಳಿ ಮೈದಾನಕ್ಕೆ ಅದು ಬೇಕು. 6400 ಬೇಕಾದಲ್ಲಿ 2500ರಲ್ಲಿ ಮುಗಿಸುತ್ತದೆ. ಅಂಗಣದಲ್ಲಿ ಫ್ಲ್ಯಾಷ್ ಹೊಡೆದರೆ ಆಟಗಾರರ ಕಣ್ಣಿಗೆ ತೊಂದರೆ, ಹಾಗಾಗಿ ಫ್ಲ್ಯಾಷ್ ನನ್ನ ಚೀಲದಲ್ಲೇ ಇಲ್ಲ. ಕೊಳ್ಳುವ ಕ್ರಮದಲ್ಲಿ ತಪ್ಪಾದದ್ದು ಇದರಲ್ಲೇ. 200-500ಕ್ಕಿಂತ ಮೊದಲು ಇದನ್ನು ಕೊಳ್ಳಬೇಕಿತ್ತು. 68,000 ಸುರಿದು ಉದ್ದದ ಲೆನ್ಸ್ ತಂದಾಗ ನನಗೆ ಬರುತ್ತಿದ್ದ ಕೆಲಸವೆಲ್ಲ ರಾತ್ರಿಯದೇ ಆಗಿತ್ತು. ನಾಲ್ಕು ತಿಂಗಳು ಅದು ಡಬ್ಬಿಯಲ್ಲಿ ಕೂತಿತ್ತು, ಕಂತು ಮಾತ್ರ ನಡೆಯುತ್ತಿತ್ತು.

ಆ ಡಬ್ಬಿಯೂ ಮುಖ್ಯವೇ. ಬೂಷ್ಟಿನ ಅನುಭವವಾದ ಮೇಲೆ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಎಲ್ಲ ಸೇರಿ 1,200 ರೂಪಾಯಿ. ಮುಳ್ಳು 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ಜೂನ್, ಜುಲೈ ತಿಂಗಳಲ್ಲಿ ವಾರಕ್ಕೊಮ್ಮೆ ಜೆಲ್ಲನ್ನು ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸುತ್ತೇನೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರು ಲೆನ್ಸಿಗಿಂತ ಮೊದಲು ಇದನ್ನು ಕೊಳ್ಳಲಿ.

ಇಂದು ಶುರು ಮಾಡುವವರು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ) ಬಿಟ್ಟು ಹಳೆಯದನ್ನು ಕೊಳ್ಳಬೇಕೇ? ಗೆಳೆಯನೊಬ್ಬನ ಮಿರರ್‌ಲೆಸ್ಸನ್ನು ಒಂದು ರಾತ್ರಿ ಬಳಸಿ ನೋಡಿದ್ದೇನೆ. ಕಣ್ಣನ್ನು ತಾನೇ ಗುರುತಿಸಿ ಹಿಡಿಯುವುದು ನಿಜಕ್ಕೂ ಅದ್ಭುತ. ನಾನು ವರ್ಷಗಟ್ಟಲೆ ಹೆಬ್ಬೆರಳಿಗೆ ಕಲಿಸಿದ್ದನ್ನು ಅದು ತಾನೇ ಮಾಡುತ್ತದೆ. ಆದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಟ್ಟಾಗ ದೀಪದ ಪಟ್ಟೆಗಳು ಚಿತ್ರದ ತುಂಬ ಬಿದ್ದವು, ಸ್ಮ್ಯಾಷ್ ಹೊಡೆಯುವವನ ಕೈ ಬಾಗಿದಂತೆ ಬಂತು. ಸೆನ್ಸರನ್ನು ನಿಧಾನ ಓದುವ ಬಾಡಿಗಳಲ್ಲಿ ಇದು ಸಹಜ. ಅಂಥವುಗಳಲ್ಲಿ ಮೆಕ್ಯಾನಿಕಲ್ ಶಟರನ್ನೇ ಬಳಸಬೇಕು, ಆಗ ಪೆಟ್ಟಿಗೆಯ ಮೇಲೆ ಬರೆದ 30, 40ರ ವೇಗ ಲೆಕ್ಕಕ್ಕೆ ಬರುವುದಿಲ್ಲ. ಕೈಯಲ್ಲಿ ನಾಲ್ಕೈದು ಲಕ್ಷ ಇರುವವರು ನಿಕಾನ್ ಝಡ್6 3ರಂಥ, ವೇಗವಾಗಿ ಓದುವ ಸೆನ್ಸರಿನ ಫುಲ್ ಫ್ರೇಮ್ (ಡಿಎಕ್ಸ್‌ಗಿಂತ ದೊಡ್ಡ ಸೆನ್ಸರ್) ಬಾಡಿ ಮತ್ತು ಒಂದು ಎಫ್ 2.8 ಲೆನ್ಸ್ ಕೊಳ್ಳಲಿ, ನನಗೆ ತಕರಾರಿಲ್ಲ. ಎರಡು ಲಕ್ಷದೊಳಗೆ ಸಂಸಾರ ನಡೆಯಬೇಕಾದವರಿಗೆ ಡಿ500 ಈಗಲೂ ನನ್ನ ಉತ್ತರ. ಇನ್ನೂ ಕಡಿಮೆ ಇದ್ದರೆ 7ಡಿ ಮಾರ್ಕ್ 2 ಮತ್ತು ಕ್ಯಾನನಿನ ಹಳೆಯ 70-200 ಎಫ್ 2.8. ನನ್ನ ಮೂರೂ ಲೆನ್ಸ್‌ಗಳು ಎಫ್‌ಟಿಝಡ್ ಅಡಾಪ್ಟರ್ ಮೂಲಕ ನಿಕಾನಿನ ಝಡ್ ಬಾಡಿಗಳಲ್ಲೂ ಫೋಕಸ್ ಮಾಡುತ್ತವೆ. ಹಾಗಾಗಿ ಮುಂದೆ ಬಾಡಿ ಬದಲಾದರೂ ಗಾಜಿಗೆ ಹಾಕಿದ ಹಣ ಉಳಿಯುತ್ತದೆ.

ಆದಾಯದ ಲೆಕ್ಕ ಕೇಳುವವರಿಗೆ: ಕಬಡ್ಡಿಯ ಒಂದು ರಾತ್ರಿಗೆ 3,500, ಶಾಲಾ ಕ್ರೀಡಾಕೂಟದ ದಿನಕ್ಕೆ 6,000. ಕಂಬಳದಲ್ಲಿ ನನಗೆ ದಿನಗೂಲಿ ಇಲ್ಲ, ಯಜಮಾನರು ಕೊಳ್ಳುವ ಚೌಕಟ್ಟಿನ ಚಿತ್ರಗಳೇ ಗಳಿಕೆ. ಶಾಲೆಗಳಲ್ಲಿ ಮಕ್ಕಳ ಚಿತ್ರವನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಎಲ್ಲೂ ಹಾಕುವುದಿಲ್ಲ ಎಂದು ಮುಖ್ಯೋಪಾಧ್ಯಾಯರಿಗೆ ಬರೆದು ಕೊಡುತ್ತೇನೆ. ಆ ಒಂದು ಹಾಳೆಯಿಂದಲೇ ಮೂರು ಶಾಲೆಗಳು ಎರಡನೇ ವರ್ಷವೂ ಕರೆದವು. ಸಂಘದ ಸಾಲ ಹದಿನಾರು ತಿಂಗಳಲ್ಲಿ ತೀರಿತು. ಮಳೆಗಾಲದಲ್ಲಿ ಮಾವನ ಸ್ಟುಡಿಯೋದ ಕೆಲಸ ಈಗಲೂ ಮಾಡುತ್ತೇನೆ. ಆಟವನ್ನೇ ನಂಬಿ ಹನ್ನೆರಡು ತಿಂಗಳು ಊಟ ಮಾಡುವ ಹಂತಕ್ಕೆ ಇನ್ನೂ ಬಂದಿಲ್ಲ.

ನನ್ನ ಡಿ500ರ ಶಟರ್ ಎಣಿಕೆ ಈಗ 1,46,000. ಹಿಡಿಕೆಯ ರಬ್ಬರು ಒಂದು ಕಡೆ ಎದ್ದಿತ್ತು, ಅಂಟು ಹಾಕಿ ಕೂರಿಸಿದ್ದೇನೆ. ಮುಂದಿನ ಋತುವನ್ನೂ ಇದರಲ್ಲೇ ತೆಗೆಯುತ್ತೇನೆ. ಕಳೆದ ವಾರ ಕಾರ್ಕಳದ ಒಬ್ಬ ಹುಡುಗ ಬಂದು, ಕ್ಯಾಮೆರಾ ಕೊಳ್ಳಬೇಕು, ಯಾವುದು ಎಂದು ಕೇಳಿದ. ಈ ಶನಿವಾರ ರಾತ್ರಿ ಕಬಡ್ಡಿಗೆ ಬಾ, ನಿನ್ನ ಬಳಿ ಇರುವ ಹಳೆಯ ಬಾಡಿಯನ್ನೇ ತಾ, ನನ್ನ 85 ಹಾಕಿಕೊಂಡು ಎರಡು ಆಟ ತೆಗೆದು ನೋಡು ಎಂದಿದ್ದೇನೆ. ಅವನದೂ ನಿಕಾನ್, ಲೆನ್ಸ್ ಕೂರುತ್ತದೆ.